ವರ್ಷಕ್ಕೊಂದು ಪತ್ತೇದಾರಿ ಓದುವವನಿಗೆ ತೃಪ್ತಿ ಕೊಡುವ ನಾರ್ಡಿಕ್ (ಸ್ವೀಡನ್, ನಾರ್ವೆ, ಐಸ್‌ಲ್ಯಾಂಡ್ ಕಡೆಯ) ಕಾದಂಬರಿ ಯಾವುದು? ಅನುಭವವಿದ್ದವರು ತಿಳಿಸಬೇಕು

ಹುಬ್ಬಳ್ಳಿಯಿಂದ, ಪ್ರಶ್ನೆ

ನಾನು ಪತ್ತೇದಾರಿ ಕಾದಂಬರಿಗಳನ್ನು ವರ್ಷಕ್ಕೆ ಒಂದೋ ಎರಡೋ ಓದುವವನು, ಅದೂ ಹೆಚ್ಚಾಗಿ ಬೆಂಗಳೂರಿಗೆ ಹೋಗಿಬರುವ ರೈಲಿನಲ್ಲಿ. ಹುಡುಗನಾಗಿದ್ದಾಗ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಿಂದೆ ಬಿದ್ದಿದ್ದೆನಾದರೂ ಆಮೇಲೆ ಈ ಕಡೆ ತಿರುಗಿದ್ದು ಅಪರೂಪ. ಗೆಳೆಯರೊಬ್ಬರ ಮಾತಿನಂತೆ ಸ್ವೀಡನ್ನಿನ ಸ್ಟೀಗ್ ಲಾರ್ಸನ್ ಅವರ 2005ರ ಮೊದಲ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದಿದೆ. ಮುದುಕನೊಬ್ಬನಿಗೆ ಪ್ರತಿವರ್ಷ ಹುಟ್ಟುಹಬ್ಬಕ್ಕೆ ಚೌಕಟ್ಟು ಹಾಕಿದ ಒಣಹೂವೊಂದು ಅಂಚೆಯಲ್ಲಿ ಬರುತ್ತದೆಂಬ ಆರಂಭ ನನ್ನನ್ನು ಹಿಡಿದಿಟ್ಟಿತು. ಆದರೆ ಆ ಒಗಟು ಬಿಡಿಸಿಯಾದ ಮೇಲೂ ಉದ್ಯಮಿಯೊಬ್ಬನ ಹಣಕಾಸಿನ ವಂಚನೆಯ ಕಥೆ ಪುಟಗಟ್ಟಲೆ ಸಾಗಿತು. ನಡುವೆ ಬರುವ ಹಿಂಸೆಯ ವಿವರಗಳನ್ನಂತೂ ನನಗೆ ಸಹಿಸಲಾಗಲಿಲ್ಲ. ಸರಣಿಯ ಹಿಂದುಮುಂದು ತಿಳಿಯದಿದ್ದರೂ ಒಂದನ್ನೇ ಓದಬಹುದಾದ, ರಕ್ತಪಾತ ಕಡಿಮೆ ಇರುವ, ಮುಗಿಸಿದಾಗ ಓದಿದ್ದು ಸಾರ್ಥಕವೆನಿಸುವ ಒಂದು ಪುಸ್ತಕವನ್ನು ಸೂಚಿಸಬೇಕೆಂದು ಕೋರುತ್ತೇನೆ. ಬೆಲೆ 500 ರೂಪಾಯಿಯೊಳಗಿದ್ದು, ಅಕ್ಷರ ತೀರ ಸಣ್ಣದಿರದಿದ್ದರೆ ಉಪಕಾರ.

ಮೈಸೂರಿನಿಂದ, ನಿವೃತ್ತ ಗಣಿತ ಅಧ್ಯಾಪಕ

ಮಾನ್ಯರೇ, ತಮ್ಮ ಪ್ರಶ್ನೆಗೆ ಒಂದೇ ಉತ್ತರವಿದೆ, ಅದು 1965ರ ‘ರೋಸಾನಾ’. ಸ್ವೀಡನ್ನಿನ ಮಾಯ್ ಶೋವಾಲ್ ಮತ್ತು ಪೇರ್ ವಾಲೋ ಜೋಡಿ ಆ ವರ್ಷದಿಂದ 1975ರವರೆಗೆ ಹತ್ತೇ ಕಾದಂಬರಿಗಳನ್ನು, ಮಕ್ಕಳು ಮಲಗಿದ ಮೇಲೆ ರಾತ್ರಿ ಕುಳಿತು ಅಧ್ಯಾಯಕ್ಕೊಬ್ಬರಂತೆ ಬರೆದು ಮುಗಿಸಿತು. ಈಗ ನಾರ್ಡಿಕ್ ಎಂದು ಅಂಗಡಿಯ ಒಂದು ಗೋಡೆಯನ್ನೇ ತುಂಬಿರುವ ಪುಸ್ತಕಗಳಲ್ಲಿ ಆ ಹತ್ತರ ಋಣವಿಲ್ಲದ್ದು ಯಾವುದೂ ಇಲ್ಲ. ಮೂತಾಲಾ ಎಂಬಲ್ಲಿ ಯೋತಾ ಕಾಲುವೆಯ ಹೂಳೆತ್ತುವಾಗ ಒಬ್ಬ ಹೆಣ್ಣುಮಗಳ ಶವ ಮೇಲೆ ಬರುತ್ತದೆ. ಆಕೆ ಯಾರೆಂದು ತಿಳಿಯುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಆಕೆ ಪ್ರಯಾಣಿಸುತ್ತಿದ್ದ ಹಡಗಿನ ಪ್ರವಾಸಿಗರೆಲ್ಲ ಅಷ್ಟರಲ್ಲಿ ಹಲವು ದೇಶಗಳಿಗೆ ಚದುರಿಹೋಗಿರುತ್ತಾರೆ. ಅವರು ರಜೆಯಲ್ಲಿ ತೆಗೆದ ಫೋಟೋಗಳನ್ನೂ ಪುಟ್ಟ ಸಿನಿಮಾ ಸುರುಳಿಗಳನ್ನೂ ತರಿಸಿಕೊಂಡು, ಬೇರೆ ಯಾರದೋ ಚಿತ್ರದ ಹಿನ್ನೆಲೆಯಲ್ಲಿ ಆಕೆ ನಿಂತಿದ್ದಾಳೆಯೇ, ಪಕ್ಕದಲ್ಲಿರುವವನು ಯಾರು ಎಂದು ಪೊಲೀಸ್ ಅಧಿಕಾರಿ ಮಾರ್ಟಿನ್ ಬೆಕ್ ಮತ್ತು ಅವನ ಸಹೋದ್ಯೋಗಿಗಳು ಒಂದೊಂದನ್ನೇ ಹುಡುಕುವ ಪುಟಗಳಿವೆಯಲ್ಲ, ಅವುಗಳಿಗೆ ಸಮನಾದುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಶೀತ ಹಿಡಿದ, ಹೊಟ್ಟೆ ಸರಿಯಿಲ್ಲದ, ಮನೆಯಲ್ಲಿ ನೆಮ್ಮದಿಯಿಲ್ಲದ ಒಬ್ಬ ಸರಕಾರಿ ನೌಕರ ತಾಳ್ಮೆಯೊಂದರಿಂದಲೇ ಸತ್ಯವನ್ನು ತಲುಪುತ್ತಾನೆ.

ಹತ್ತನ್ನೂ ಕ್ರಮವಾಗಿ ಕೊಂಡಿದ್ದೇನೆ. ಮೊದಲ ನಾಲ್ಕು ತಲಾ 399 ರೂಪಾಯಿಗೆ ಸಿಕ್ಕವು. ಐದನೆಯದಕ್ಕೆ ಬಂದಾಗ ಬೆಲೆ 550 ಆಗಿತ್ತು. ಏಳನೆಯದು ಸಂಗ್ರಹದಲ್ಲಿಲ್ಲವೆಂದು ಎಲ್ಲರೂ ಕೈಚೆಲ್ಲಿದ ಮೇಲೆ ಹೊರದೇಶದ ಮಾರಾಟಗಾರನಿಗೆ 1,340 ರೂಪಾಯಿಯನ್ನೂ ಸಾಗಣೆಗೆ 620 ರೂಪಾಯಿಯನ್ನೂ ತೆತ್ತೆ. ಬಂದ ಪ್ರತಿ ಯಾವುದೋ ಗ್ರಂಥಾಲಯ ವಿಲೇವಾರಿ ಮಾಡಿದ್ದು, ಬೆನ್ನು ಬಿಟ್ಟುಹೋಗಿತ್ತು, 112ನೆಯ ಪುಟದ ಮೇಲೆ ಕಾಫಿಯ ಕಲೆಯಿತ್ತು. ನನ್ನ ಖರ್ಚಿನಲ್ಲಿ ಅದಕ್ಕೆ ರಟ್ಟು ಕಟ್ಟಿಸಿದ್ದೇನೆ. ಲಾರ್ಸನ್, ನೆಸ್ಬೋ ಮುಂತಾದವರದು ಜಾತ್ರೆಯ ಸರಕು. ಅದರಲ್ಲಿ ತೃಪ್ತಿ ಹುಡುಕಬೇಡಿ.

ಧಾರವಾಡದಿಂದ, ಬ್ಯಾಂಕ್ ಉದ್ಯೋಗಿ

ಜಾತ್ರೆಯ ಸರಕೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ಮೊದಲು ಹಿರಿಯರು ಜೋ ನೆಸ್ಬೋ ಅವರ ‘ರೆಡ್‌ಬ್ರೆಸ್ಟ್’ ಓದಿದ್ದಾರೆಯೇ ಎಂದು ಕೇಳಲು ಇಚ್ಛಿಸುತ್ತೇನೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಪರವಾಗಿ ಲೆನಿನ್‌ಗ್ರಾಡ್ ಬಳಿಯ ಕಂದಕಗಳಲ್ಲಿ ಕಾದಾಡಿದ ನಾರ್ವೆಯ ತರುಣರು, ಅವರನ್ನು ದೇಶದ್ರೋಹಿಗಳೆಂದು ಶಿಕ್ಷಿಸಿದ ನಾರ್ವೆ, ಅರ್ಧ ಶತಮಾನದ ನಂತರ ಓಸ್ಲೋದಲ್ಲಿ ಪ್ರತ್ಯಕ್ಷವಾಗುವ ಒಂದು ಬಂದೂಕು, ಇಷ್ಟನ್ನೂ ಒಂದೇ ಕಥೆಯಲ್ಲಿ ಹೆಣೆಯುವುದು ಜಾತ್ರೆಯ ಕೆಲಸವಲ್ಲ.

ನನ್ನ ದುಃಖ ಬೇರೆ. ನೆಸ್ಬೋ ಅವರ ಓಸ್ಲೋ ಕಾದಂಬರಿಗಳಲ್ಲಿ ಮೂರಕ್ಕೆ ಒಂದೇ ಎಳೆಯಿದೆ: 2000ದ ‘ರೆಡ್‌ಬ್ರೆಸ್ಟ್’, 2002ರ ‘ನೆಮೆಸಿಸ್’, 2003ರ ‘ಡೆವಿಲ್ಸ್ ಸ್ಟಾರ್’. ಇಂಗ್ಲಿಷಿಗೆ ಮೊದಲು ಬಂದದ್ದು ಮೂರನೆಯದು, 2005ರಲ್ಲಿ. ಮೊದಲನೆಯದು ಬಂದದ್ದು 2006ರಲ್ಲಿ, ಎರಡನೆಯದು 2008ರಲ್ಲಿ. ಈ ಮೂರರಲ್ಲೂ ಬರುವ ಪೊಲೀಸ್ ಅಧಿಕಾರಿ ಹ್ಯಾರಿ ಹೋಲೆಯ ಸರಣಿಯ ನಿಜವಾದ ಮೊದಲ ಪುಸ್ತಕ 1997ರದು, ಸಿಡ್ನಿಯಲ್ಲಿ ನಡೆಯುವಂಥದು. ಅದು ಇಂಗ್ಲಿಷಿಗೆ ಬರುವಾಗ 2012 ಆಗಿತ್ತು. ಪುಸ್ತಕದ ಮೇಲೆ ಕ್ರಮಸಂಖ್ಯೆಯಿರಲಿಲ್ಲ, ಒಳಗಿನ ಪುಟದಲ್ಲೂ ಸೂಚನೆಯಿರಲಿಲ್ಲ. ಹೀಗಾಗಿ 450 ರೂಪಾಯಿ ಕೊಟ್ಟು ಮೂರನೆಯದನ್ನು ತಂದೆ. ಎರಡು ಪುಸ್ತಕಗಳಷ್ಟು ಉದ್ದಕ್ಕೆ ಲೇಖಕರು ಕಾಪಾಡಿಕೊಂಡು ಬಂದ ಗುಟ್ಟು ಅದರಲ್ಲಿ ಬಯಲಾಗುತ್ತದೆ. ಆಮೇಲೆ 499ಕ್ಕೆ ‘ರೆಡ್‌ಬ್ರೆಸ್ಟ್’ ತಂದು ಓದುವಾಗ, ಎದೆ ನಡುಗಬೇಕಾದ ಒಂದು ಅಧ್ಯಾಯದಲ್ಲಿ, ಫೋನಿನ ಆ ತುದಿಯಲ್ಲಿ ಯಾರಿದ್ದಾರೆಂದು ನನಗೆ ಮೊದಲೇ ಗೊತ್ತಿತ್ತು. ಆ ಅಧ್ಯಾಯವನ್ನು ಏನೂ ತಿಳಿಯದವನಾಗಿ ಓದುವ ಅವಕಾಶ ನನಗೆ ಇನ್ನು ಬರುವುದಿಲ್ಲ. ಒಂದನ್ನೇ ಬಿಡಿಯಾಗಿ ಓದುತ್ತೇನೆಂಬ ಯೋಚನೆಯನ್ನೇ ಬಿಡಿ. ಕ್ರಮದಲ್ಲಿ ಓದಿ, ಇಲ್ಲವೇ ಓದಲೇಬೇಡಿ.

ಮಾಲ್ಮೋದಿಂದ, ಗೃಹಿಣಿ, ಮೂಲ ಊರು ಉಡುಪಿ

ಹತ್ತು ವರ್ಷಕ್ಕೂ ಮೀರಿ ಸ್ವೀಡನ್ನಿನ ದಕ್ಷಿಣದಲ್ಲಿ ಮನೆಮಾಡಿಕೊಂಡಿರುವ ನನಗೆ ಈ ವಿಷಯದಲ್ಲಿ ಸುಮ್ಮನಿರಲು ಆಗುತ್ತಿಲ್ಲ. ಹೆನ್ನಿಂಗ್ ಮಾಂಕೆಲ್ ಅವರ ಹೆಸರನ್ನು ಇಷ್ಟು ಹೊತ್ತಾದರೂ ಯಾರೂ ಎತ್ತಿಲ್ಲ! 1991ರ ‘ಫೇಸ್‌ಲೆಸ್ ಕಿಲ್ಲರ್ಸ್’ ಪೊಲೀಸ್ ಅಧಿಕಾರಿ ಕುರ್ಟ್ ವಲಾಂಡರ್ ಸರಣಿಯ ಮೊದಲ ಕಾದಂಬರಿ. ನಾರ್ಡಿಕ್ ದೇಶಗಳ ಪತ್ತೇದಾರಿ ಲೇಖಕರು ಕೊಡುವ ಗಾಜಿನ ಕೀಲಿ ಪ್ರಶಸ್ತಿ 1992ರಲ್ಲಿ ಮೊತ್ತಮೊದಲು ಸಂದದ್ದು ಇದಕ್ಕೇ. ಜನವರಿಯ ಚಳಿಯ ಬೆಳಗಿನ ಜಾವ ಹಳ್ಳಿಯ ಮುದುಕನೊಬ್ಬ ಎದ್ದು ಕುಳಿತು, ಏನೋ ಸರಿಯಿಲ್ಲ ಎಂದುಕೊಳ್ಳುತ್ತಾನೆ. ಪಕ್ಕದ ಮನೆಯ ಕುದುರೆ ಎಂದಿನಂತೆ ಕೆನೆಯುತ್ತಿಲ್ಲ. ಆ ಮನೆಯ ವೃದ್ಧ ದಂಪತಿಯ ಮೇಲೆ ಘೋರ ಹಲ್ಲೆಯಾಗಿದೆ. ಆದರೆ ಹಾಗೆ ಹಲ್ಲೆಮಾಡಿದವರು ಹೋಗುವ ಮುನ್ನ ಲಾಯದಲ್ಲಿದ್ದ ಕುದುರೆಗೆ ಹುಲ್ಲು ಹಾಕಿ ಹೋಗಿದ್ದಾರೆ. ಈ ಒಂದು ವಿವರಕ್ಕಾಗಿಯೇ ನಾನು ಇಡೀ ಪುಸ್ತಕವನ್ನು ಒಂದು ರಾತ್ರಿಯಲ್ಲಿ ಓದಿದೆ.

ಆ ಕಾದಂಬರಿಗಳ ಊರಾದ ಈಸ್ಟಾಡ್ ನಮ್ಮಲ್ಲಿಂದ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ವಲಾಂಡರ್ ವಾಸವಾಗಿದ್ದನೆನ್ನುವ ಮಾರಿಯಾ ಬೀದಿಯನ್ನು ನೋಡಿದ್ದೇನೆ. ರಾತ್ರಿ ಒಂಬತ್ತೂಕಾಲರಿಂದ ಒಂದು ಗಂಟೆಯವರೆಗೆ ಅಲ್ಲಿನ ಸಂತ ಮರಿಯಾ ಚರ್ಚಿನ ಗೋಪುರದಿಂದ ಕಾವಲುಗಾರನೊಬ್ಬ ಪ್ರತಿ ಕಾಲುಗಂಟೆಗೊಮ್ಮೆ ಕಹಳೆಯೂದಿ, ಊರಿನಲ್ಲಿ ಎಲ್ಲವೂ ಕ್ಷೇಮವೆಂದು ಸಾರುತ್ತಾನೆ. ಇಂಥ ಪುಟ್ಟ, ಶಾಂತವಾದ ಊರಿನಲ್ಲಿ ಅಷ್ಟು ಕೊಲೆಗಳನ್ನು ಬರೆದವರು ಮಾಂಕೆಲ್. ಊರಿಗೆ ಬಂದಾಗಲೆಲ್ಲ ನೆಂಟರು ನನ್ನನ್ನು, ನಿಮ್ಮ ದೇಶದಲ್ಲಿ ಅಷ್ಟೊಂದು ಕೊಲೆಗಳಂತೆ, ಎಲ್ಲರೂ ಒಂಟಿಯಂತೆ, ಕುಡುಕರಂತೆ ಎಂದು ಕೇಳುತ್ತಾರೆ. ಕಾದಂಬರಿಯನ್ನು ಜನಗಣತಿಯಂತೆ ಓದುವ ಈ ಅಭ್ಯಾಸದಿಂದ ನನಗೆ ಬಹಳ ನೋವಾಗಿದೆ. ಪುಸ್ತಕ ಓದಿ, ದೇಶಕ್ಕೆ ತೀರ್ಪು ಕೊಡಬೇಡಿ.

ಮೈಸೂರಿನಿಂದ

ಶೋವಾಲ್ ಮತ್ತು ವಾಲೋ ದೇಶಕ್ಕೆ ತೀರ್ಪು ಕೊಡುವುದಕ್ಕಾಗಿಯೇ ಬರೆದವರು, ತಾಯಿ. ಅವರಿಬ್ಬರೂ ಮಾರ್ಕ್ಸ್‌ವಾದಿಗಳು. ಸ್ವೀಡನ್ನಿನ ಕಲ್ಯಾಣರಾಜ್ಯ ಒಳಗೊಳಗೆ ಏನಾಗುತ್ತಿದೆ ಎಂಬುದನ್ನು ತೋರಿಸಲು ಹತ್ತೂ ಪುಸ್ತಕಗಳಿಗೆ ‘ಒಂದು ಅಪರಾಧದ ಕಥೆ’ ಎಂಬ ಒಂದೇ ಉಪಶೀರ್ಷಿಕೆಯನ್ನು ಕೊಟ್ಟರು. ಮಾಂಕೆಲ್ ಅವರ ಬಗ್ಗೆ ನನಗೆ ಗೌರವವಿದೆ. ಆದರೆ ತಾವು ಹೇಳಿದ ಪುಸ್ತಕದಲ್ಲಿ ಅಪರಾಧಿಗಳು ಕೈಗೆ ಸಿಗುವುದು ಬಹುಮಟ್ಟಿಗೆ ಆಕಸ್ಮಿಕದಿಂದ. ಅಷ್ಟು ದೂರ ನಡೆಸಿಕೊಂಡು ಹೋಗಿ ಹಾಗೆ ಮುಗಿಸುವುದು ಗಣಿತದಲ್ಲಿ ಲೆಕ್ಕ ಬಿಡಿಸದೆ ಉತ್ತರ ಬರೆದಂತೆ.

ಮಾಲ್ಮೋದಿಂದ

ಇನ್ನೂ ಓದದ ಒಬ್ಬರು ಸಲಹೆ ಕೇಳುತ್ತಿರುವಾಗ ಪುಸ್ತಕದ ಕೊನೆಯನ್ನು ಹೀಗೆ ಬಹಿರಂಗವಾಗಿ ಹೇಳಿಬಿಡುವುದು ನ್ಯಾಯವೇ? ತಾವು ಅಧ್ಯಾಪಕರಾಗಿದ್ದವರು. ಪ್ರಶ್ನೆಪತ್ರಿಕೆಯ ಜೊತೆಗೇ ಉತ್ತರಗಳನ್ನೂ ಹಂಚುತ್ತಿದ್ದಿರಾ?

ಧಾರವಾಡದಿಂದ

ಅಕ್ಕನವರ ಮಾತಿಗೆ ನನ್ನ ಪೂರ್ಣ ಬೆಂಬಲವಿದೆ. ಈ ಗುಟ್ಟು ರಟ್ಟಾಗುವುದರಿಂದ ಆಗುವ ನಷ್ಟ ಎಷ್ಟೆಂಬುದನ್ನು 949 ರೂಪಾಯಿ ತೆತ್ತು ತಿಳಿದುಕೊಂಡವನು ನಾನು.

ಶಿವಮೊಗ್ಗದಿಂದ, ವಕೀಲೆ

ಕೊನೆ ಗೊತ್ತಾದರೆ ಪುಸ್ತಕವೇ ಮುಗಿಯಿತೆಂಬ ಈ ವಾದವನ್ನು ನಾನು ಒಪ್ಪುವುದಿಲ್ಲ. ಕೊನೆ ತಿಳಿದಿದ್ದೂ ನಾನು ಪುನಃ ಪುನಃ ಓದುವ ಕಾದಂಬರಿಯೊಂದಿದೆ. ಐಸ್‌ಲ್ಯಾಂಡಿನ ಆರ್ನಾಲ್ಡುರ್ ಇಂದ್ರಿದಾಸನ್ ಅವರ ‘ಸೈಲೆನ್ಸ್ ಆಫ್ ದಿ ಗ್ರೇವ್’. ಮಗುವೊಂದರ ಹುಟ್ಟುಹಬ್ಬದ ಗದ್ದಲದ ನಡುವೆ ವೈದ್ಯಕೀಯ ವಿದ್ಯಾರ್ಥಿಯೊಬ್ಬ, ನೆಲದ ಮೇಲೆ ಕುಳಿತ ಹಸುಗೂಸು ಏನನ್ನೋ ಚೀಪುತ್ತಿರುವುದನ್ನು ನೋಡುತ್ತಾನೆ. ಅದು ಮನುಷ್ಯನ ಎಲುಬಿನ ಚೂರು. ರೇಕ್ಯಾವಿಕ್ ನಗರದ ಅಂಚಿನಲ್ಲಿ ಹೊಸ ಮನೆಗಳಿಗೆ ಪಾಯ ತೋಡಿದ ಜಾಗದಿಂದ ಅದು ಬಂದಿದೆ. ಅಸ್ಥಿಪಂಜರವನ್ನು ಪುರಾತತ್ತ್ವದವರು ಅಂಗುಲ ಅಂಗುಲವಾಗಿ ಮಣ್ಣು ಸರಿಸಿ ಹೊರತೆಗೆಯುತ್ತಾರೆ. ಪೊಲೀಸ್ ಅಧಿಕಾರಿ ಎರ್ಲೆಂಡುರ್ ಅವಸರ ಮಾಡುವುದಿಲ್ಲ. ಆ ಮಣ್ಣು ಸರಿಯುವ ವೇಗದಲ್ಲೇ ಮಹಾಯುದ್ಧದ ಕಾಲದ ಒಂದು ಮನೆ ನಮ್ಮ ಮುಂದೆ ತೆರೆದುಕೊಳ್ಳುತ್ತದೆ. ಸಮೀಪದಲ್ಲಿ ಮೊದಲು ಬ್ರಿಟಿಷರ, ಆಮೇಲೆ ಅಮೆರಿಕನ್ನರ ಸೇನಾ ಬಿಡಾರ. ಮನೆಯೊಳಗೆ ಗಂಡನಿಂದ ದಿನವೂ ಹೊಡೆತ ತಿನ್ನುವ ಹೆಂಡತಿ ಮತ್ತು ಅದನ್ನು ನೋಡುತ್ತ ಬೆಳೆಯುವ ಮಕ್ಕಳು.

ನ್ಯಾಯಾಲಯದಲ್ಲಿ ನನ್ನ ಮುಂದೆ ಬಂದು ಕುಳಿತುಕೊಳ್ಳುವ ಹೆಣ್ಣುಮಕ್ಕಳು ಸೆರಗು ಸರಿಮಾಡಿಕೊಂಡು ಮೊದಲು ಹೇಳುವ ಮಾತು, ಏನಿಲ್ಲ ಮೇಡಂ, ಜಾರಿ ಬಿದ್ದೆ ಎನ್ನುವುದು. ಐಸ್‌ಲ್ಯಾಂಡಿನ ಆ ತಾಯಿಗೆ ಲೇಖಕರು ಬಹಳ ಪುಟಗಳವರೆಗೆ ಹೆಸರನ್ನೇ ಕೊಡುವುದಿಲ್ಲ. ಗಂಡ ಅವಳ ಹೆಸರನ್ನೂ ಕಸಿದುಕೊಂಡಿದ್ದಾನೆಂದು ಅರ್ಥವಾದಾಗ ನಾನು ಪುಸ್ತಕ ಮುಚ್ಚಿಟ್ಟು ಮಾರನೆಯ ದಿನ ಮುಂದುವರಿಸಿದೆ. ಈ ಕಾದಂಬರಿಗೆ 2003ರಲ್ಲಿ ಗಾಜಿನ ಕೀಲಿಯೂ 2005ರಲ್ಲಿ ಬ್ರಿಟನ್ನಿನ ಪತ್ತೇದಾರಿ ಲೇಖಕರ ಸಂಘದ ಚಿನ್ನದ ಕಠಾರಿಯೂ ದೊರೆತವು. ಮರುವರ್ಷದಿಂದ ಆ ಸಂಘ ಅನುವಾದಿತ ಕೃತಿಗಳಿಗೆ ಬೇರೆಯೇ ಒಂದು ಪ್ರಶಸ್ತಿಯನ್ನು ಸ್ಥಾಪಿಸಿ, ಚಿನ್ನದ ಕಠಾರಿಯ ಸ್ಪರ್ಧೆಯಿಂದ ಅವುಗಳನ್ನು ಹೊರಗಿಟ್ಟಿತು. ನನ್ನ ದೃಷ್ಟಿಯಲ್ಲಿ ಅದು ಅನ್ಯಾಯ.

ನನ್ನ ಮೊದಲ ಪ್ರತಿಯನ್ನು ಜಾಲತಾಣದಲ್ಲಿ 299 ರೂಪಾಯಿಗೆ ಕೊಂಡಿದ್ದೆ. ಅದು ಕಳ್ಳ ಮುದ್ರಣ. 161ರಿಂದ 176ರವರೆಗಿನ ಪುಟಗಳು ಎರಡು ಸಲ ಬಂದು, ಅದರ ಮುಂದಿನ ಹದಿನಾರು ಪುಟಗಳೇ ಇರಲಿಲ್ಲ. ಕಾಗದದ ಆಚೆ ಬದಿಯ ಅಕ್ಷರ ಈಚೆಗೆ ಕಾಣುತ್ತಿತ್ತು. ಮಾರಿದವರು ಹಣ ಹಿಂದಿರುಗಿಸಲು ಒಪ್ಪದಿದ್ದಾಗ ಗ್ರಾಹಕರ ವೇದಿಕೆಗೆ ಹೋಗುವುದಾಗಿ ನೋಟಿಸು ಕೊಟ್ಟೆ, ಹಣ ಬಂತು. ಅಸಲು ಪ್ರತಿಗೆ 599 ರೂಪಾಯಿಯಾಯಿತು.

ಮುಂಬಯಿ ಮಾಟುಂಗಾದಿಂದ, ಲೆಕ್ಕಪರಿಶೋಧಕ

ಎಲ್ಲರೂ ತಮಗೆ ತೃಪ್ತಿಯಾದ ಕಥೆಯನ್ನೇ ಹೇಳುತ್ತಿದ್ದೀರಿ. ನನಗಾದ ನಿರಾಶೆಯನ್ನೂ ಕೇಳಿ. ನಾರ್ವೆಯ ಕಾರಿನ್ ಫೋಸ್ಸುಮ್ ಅವರ ‘ಇಂಡಿಯನ್ ಬ್ರೈಡ್’ ಕಾದಂಬರಿಯನ್ನು ಅದರ ವಸ್ತುವಿಗಾಗಿಯೇ ಆರಿಸಿಕೊಂಡೆ. ಹಳ್ಳಿಯಲ್ಲಿ ಕೃಷಿಯಂತ್ರಗಳನ್ನು ಮಾರುವ, ಮಧ್ಯವಯಸ್ಸಿನ, ಒಳ್ಳೆಯ ಮನಸ್ಸಿನ ಗುಂಡರ್ ಎಂಬವನು ನಮ್ಮ ಮುಂಬಯಿಗೆ ಬಂದು ಪೂನಾ ಎಂಬ ಹೆಣ್ಣುಮಗಳನ್ನು ಮದುವೆಯಾಗಿ ಊರಿಗೆ ಮರಳುತ್ತಾನೆ. ಕೆಲವು ವಾರಗಳ ನಂತರ ಅವಳು ಒಬ್ಬಳೇ ನಾರ್ವೆಗೆ ಬಂದಿಳಿಯುವ ದಿನವೇ ಅವನ ತಂಗಿಗೆ ರಸ್ತೆ ಅಪಘಾತವಾಗುತ್ತದೆ. ಅವನು ಆಸ್ಪತ್ರೆ ಬಿಟ್ಟು ವಿಮಾನ ನಿಲ್ದಾಣಕ್ಕೆ ಹೋಗಲಾರ. ಕರೆತರಲು ಕಳಿಸಿದವನಿಗೆ ಅವಳು ಸಿಗುವುದಿಲ್ಲ. ಮರುದಿನ ಊರ ಹೊರಗಿನ ಹುಲ್ಲುಗಾವಲಿನಲ್ಲಿ ಅವಳ ಶವ ದೊರೆಯುತ್ತದೆ. ಇಲ್ಲಿಯವರೆಗೆ ಓದಿ ನಾನು ಅತ್ತಿದ್ದೇನೆ, ಅದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ. ಈ ನಗರದಿಂದ ಹೊಸ ಬಾಳಿನ ಆಸೆ ಹೊತ್ತು ವಿಮಾನ ಹತ್ತಿದ ಹೆಣ್ಣುಮಕ್ಕಳು ನಮ್ಮ ಪರಿಚಯದ ಮನೆಗಳಲ್ಲೂ ಇದ್ದಾರೆ.

ಆದರೆ ಅಷ್ಟು ದುಃಖವನ್ನು ಹೊರಿಸಿದ ಮೇಲೆ, ಕೊಂದವರು ಯಾರೆಂಬುದನ್ನು ಲೇಖಕಿ ಸಂಶಯಕ್ಕೆ ಎಡೆಯಿಲ್ಲದಂತೆ ಹೇಳಬೇಕಿತ್ತೋ ಇಲ್ಲವೋ? ಒಬ್ಬನ ಮೇಲೆ ಆರೋಪ ನಿಲ್ಲುತ್ತದೆ, ಆದರೆ ಓದುಗನ ಮನಸ್ಸಿನಲ್ಲಿ ಅದು ನಿಲ್ಲದಂತೆಯೂ ಬರೆದಿದ್ದಾರೆ. ಆ ಹುಡುಗಿಗೆ ಸಲ್ಲಬೇಕಾದ ನ್ಯಾಯ ಸಲ್ಲಲಿಲ್ಲವೆಂದೇ ನನಗನಿಸಿತು.

ಖರ್ಚಿನ ವಿಷಯವನ್ನೂ ಹೇಳಿಬಿಡುತ್ತೇನೆ. ಇದೇ ಲೇಖಕಿಯದು ಇನ್ನೊಂದನ್ನು ಓದಿ ನೋಡೋಣವೆಂದು ‘ಕಾಲಿಂಗ್ ಔಟ್ ಫಾರ್ ಯು’ ಎಂಬುದನ್ನು 799 ರೂಪಾಯಿಗೆ ತರಿಸಿದೆ. ತೆರೆದರೆ ಅದೇ ಗುಂಡರ್, ಅದೇ ಪೂನಾ! ಒಂದೇ ಅನುವಾದ ಬ್ರಿಟನ್ನಿನಲ್ಲಿ 2005ರಲ್ಲಿ ಒಂದು ಹೆಸರಿನಿಂದ, ಅಮೆರಿಕದಲ್ಲಿ 2007ರಲ್ಲಿ ಇನ್ನೊಂದು ಹೆಸರಿನಿಂದ ಪ್ರಕಟವಾಗಿದೆ. ಅಂಗಡಿಯ ವಿವರಣೆಯಲ್ಲಿ ಈ ಸಂಗತಿಯ ಸುಳಿವಿರಲಿಲ್ಲ. ಲಕೋಟೆ ತೆರೆದಾಗಿದೆಯೆಂದು ವಾಪಸು ತೆಗೆದುಕೊಳ್ಳಲಿಲ್ಲ. ಹಿಂದೆ ಕಳಿಸಿದ ಕೊರಿಯರಿನ 120 ರೂಪಾಯಿಯೂ ಹೋಯಿತು. ಡೆನ್ಮಾರ್ಕಿನ ಯುಸ್ಸಿ ಆಡ್ಲರ್-ಓಲ್ಸೆನ್ ಅವರ ‘ಕ್ಯೂ ವಿಭಾಗ’ ಸರಣಿಯ ಮೊದಲ ಕಾದಂಬರಿಯೂ ಹೀಗೆಯೇ. ‘ಮರ್ಸಿ’ ಮತ್ತು ‘ಕೀಪರ್ ಆಫ್ ಲಾಸ್ಟ್ ಕಾಸಸ್’ ಎಂದು ಎರಡು ಹೆಸರು, ಪುಸ್ತಕ ಒಂದೇ. ಇಂದ್ರಿದಾಸನ್ ಅವರ ‘ಜಾರ್ ಸಿಟಿ’ ‘ಟೇಂಟೆಡ್ ಬ್ಲಡ್’ ಎಂಬ ಹೆಸರಿನಲ್ಲೂ ಇದೆ. ಕೊಳ್ಳುವ ಮೊದಲು ಒಳಪುಟದಲ್ಲಿ ಮೂಲ ಭಾಷೆಯ ಶೀರ್ಷಿಕೆಯನ್ನು ನೋಡಿಕೊಳ್ಳದೆ ಹಣ ಕೊಡಬೇಡಿ.

ಶಿವಮೊಗ್ಗದಿಂದ

ಕೊಲೆಗಾರ ಯಾರೆಂದು ನೂರಕ್ಕೆ ನೂರು ತಿಳಿಯದಿದ್ದರೆ ನ್ಯಾಯವಾಗಲಿಲ್ಲವೆಂಬುದು ಕಥೆ ಓದುವವರ ನಿರೀಕ್ಷೆ, ಸರ್. ನ್ಯಾಯಾಲಯದಲ್ಲಿ ಕೂತವರಿಗೆ ಆ ಭಾಗ್ಯವಿಲ್ಲ. ಫೋಸ್ಸುಮ್ ಅವರು ಅದನ್ನೇ ಬರೆದಿದ್ದಾರೆ: ಇಡೀ ಹಳ್ಳಿಗೆ ಏನೇನೋ ಗೊತ್ತಿದ್ದೂ ಯಾರೂ ಬಾಯಿ ಬಿಡದ ಸ್ಥಿತಿಯನ್ನು. ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ ತನಿಖೆಗೆಂದು ಕೆಸರೂರಿಗೆ ಬಂದ ಅಂಗಡಿ ಎಂಬ ಅಧಿಕಾರಿಗೆ ಕೊನೆಗೆ ದಕ್ಕಿದ್ದಾದರೂ ಏನು? ಊರಿಗೆ ಬೆಂಕಿ ಬಿತ್ತು. ಹಾಗಿದ್ದೂ ನಾವೆಲ್ಲ ಅದನ್ನು ತಲೆಯ ಮೇಲೆ ಹೊತ್ತುಕೊಂಡಿಲ್ಲವೇ?

ಮಾಟುಂಗಾದಿಂದ

‘ಚಿದಂಬರ ರಹಸ್ಯ’ವನ್ನು ಯಾರೂ ನನಗೆ ಪತ್ತೇದಾರಿ ಕಾದಂಬರಿಯೆಂದು ಮಾರಲಿಲ್ಲ, ಮೇಡಂ. ಆ ಮಾತು ಕೊಟ್ಟು ಮಾರಿದ ಮೇಲೆ ಉಳಿಸಿಕೊಳ್ಳಬೇಕಾದದ್ದು ಧರ್ಮ. ಇಲ್ಲಿ ಪ್ರಶ್ನೆ ಕೇಳಿದವರು ಬಯಸಿದ್ದು ತೃಪ್ತಿಯನ್ನು, ಕೋರ್ಟಿನ ಅನುಭವವನ್ನಲ್ಲ.

ಶಿವಮೊಗ್ಗದಿಂದ

ಪೂನಾಳ ಕಥೆ ತಮ್ಮನ್ನು ಅಳಿಸಿತೆಂದು ತಾವೇ ಬರೆದಿದ್ದೀರಿ. ಅಳಿಸಿದ ಪುಸ್ತಕ ಮೋಸ ಮಾಡಿತೆನ್ನುವುದನ್ನು ನಾನು ಒಪ್ಪಲಾರೆ.

ಮೈಸೂರಿನಿಂದ

ಇಬ್ಬರೂ ಸಮಾಧಾನ ತಂದುಕೊಳ್ಳಬೇಕು. ಒಗಟೂ ಸಮಾಜವೂ ಒಂದನ್ನೊಂದು ತಿಂದುಹಾಕದಂತೆ ಬರೆಯಲು ಸಾಧ್ಯವೆಂಬುದಕ್ಕೆ 1968ರ ‘ಲಾಫಿಂಗ್ ಪೊಲೀಸ್‌ಮನ್’ ಸಾಕ್ಷಿ. ಸ್ಟಾಕ್‌ಹೋಮಿನಲ್ಲಿ ಮಳೆಯ ರಾತ್ರಿ, ವಿಯೆಟ್ನಾಂ ಯುದ್ಧದ ವಿರುದ್ಧ ಅಮೆರಿಕದ ರಾಯಭಾರ ಕಚೇರಿಯ ಮುಂದೆ ಪ್ರತಿಭಟನೆ. ಪೊಲೀಸರೆಲ್ಲ ಅಲ್ಲಿರುವಾಗ ನಗರದ ಇನ್ನೊಂದು ಕಡೆ ಬಸ್ಸಿನೊಳಗಿದ್ದವರ ಮೇಲೆ ಗುಂಡಿನ ಸುರಿಮಳೆಯಾಗುತ್ತದೆ. ಸತ್ತವರಲ್ಲಿ ಬೆಕ್‌ನ ಕಿರಿಯ ಸಹೋದ್ಯೋಗಿಯೂ ಇದ್ದಾನೆ, ಅವನು ಆ ಬಸ್ಸಿನಲ್ಲಿ ಏಕಿದ್ದನೆಂದು ಇಲಾಖೆಯಲ್ಲಿ ಯಾರಿಗೂ ತಿಳಿಯದು. 1971ರಲ್ಲಿ ಅಮೆರಿಕದವರು ಇದಕ್ಕೆ ಎಡ್ಗರ್ ಪ್ರಶಸ್ತಿ ಕೊಟ್ಟರು. ಇದರಲ್ಲಿ ಲೆಕ್ಕವನ್ನೂ ಪೂರ್ತಿ ಬಿಡಿಸಿದ್ದಾರೆ.

ಧಾರವಾಡದಿಂದ

ಅದು ಆ ಸರಣಿಯ ನಾಲ್ಕನೆಯದು. ಮೊದಲ ಮೂರನ್ನು ಬಿಟ್ಟು ನಾಲ್ಕನೆಯದನ್ನು ಸೂಚಿಸುವುದಕ್ಕೆ ನನ್ನ ವಿರೋಧವನ್ನು ದಾಖಲಿಸುತ್ತೇನೆ. ಆ ಸಹೋದ್ಯೋಗಿಯನ್ನು ಹಿಂದಿನ ಪುಸ್ತಕಗಳಲ್ಲಿ ಕಂಡಿಲ್ಲದವರಿಗೆ ಅವನ ಸಾವು ಹೇಗೆ ತಟ್ಟೀತು?

ಹುಬ್ಬಳ್ಳಿಯಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಎಲ್ಲವನ್ನೂ ಓದಿಕೊಂಡೆ. ಕುದುರೆಗೆ ಹುಲ್ಲು ಹಾಕಿದ ಸಂಗತಿ ಮನಸ್ಸಿನಿಂದ ಹೋಗುತ್ತಿಲ್ಲ, ಆದರೆ ಅದರ ಕೊನೆಯ ಸುಳಿವು ಸಿಕ್ಕಿಬಿಟ್ಟಿರುವುದರಿಂದ ಅದನ್ನು ಸ್ವಲ್ಪ ಮರೆತ ಮೇಲೆ ಕೈಗೆತ್ತಿಕೊಳ್ಳುತ್ತೇನೆ. ಸದ್ಯಕ್ಕೆ ವಕೀಲೆ ಮೇಡಂ ಹೇಳಿದ ಐಸ್‌ಲ್ಯಾಂಡಿನ ಪುಸ್ತಕದ ಕಡೆಗೆ ಮನಸ್ಸು ವಾಲಿದೆ. ಅದಕ್ಕೆ ಹಿಂದಿನದನ್ನು ಓದಿರಲೇಬೇಕೇ, ಮತ್ತು ಹಿಂಸೆಯ ವಿವರ ಎಷ್ಟರಮಟ್ಟಿಗೆ ಇದೆ ಎಂಬುದನ್ನು ಮಾತ್ರ ತಿಳಿಸಿದರೆ ಸಾಕು.

ಶಿವಮೊಗ್ಗದಿಂದ

ಓದಿರಬೇಕಾದದ್ದಿಲ್ಲ. ಎರ್ಲೆಂಡುರ್ ಸರಣಿಯ ಮೊದಲೆರಡನ್ನು ಬಿಟ್ಟು ಮೂರನೆಯದಾದ ‘ಜಾರ್ ಸಿಟಿ’ಯಿಂದಲೇ ಇಂಗ್ಲಿಷ್ ಅನುವಾದಗಳು ಆರಂಭವಾದವು. ಹೀಗಾಗಿ ಆ ಸರಣಿಯನ್ನು ಇಂಗ್ಲಿಷಿನಲ್ಲಿ ಓದಿದ ಎಲ್ಲರೂ ನಡುವಿನಿಂದಲೇ ಹೊಕ್ಕವರು, ಧಾರವಾಡದವರು ಇದನ್ನು ಗಮನಿಸಬೇಕು. ಎರ್ಲೆಂಡುರ್‌ನ ಮಗಳು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವ ಎಳೆಯೊಂದು ಹಿಂದಿನಿಂದ ಬರುತ್ತದೆ. ಅದಕ್ಕೆ ಬೇಕಾದಷ್ಟನ್ನು ಲೇಖಕರು ಅಲ್ಲಲ್ಲೇ ಹೇಳಿದ್ದಾರೆ. ಹಿಂಸೆ ಇದೆ, ಇಲ್ಲವೆಂದು ಹೇಳಿ ತಮ್ಮನ್ನು ಕತ್ತಲಲ್ಲಿಡುವುದಿಲ್ಲ. ಲಾರ್ಸನ್ ಅವರಲ್ಲಿರುವಂಥದಲ್ಲ, ಅಡುಗೆಮನೆಯಲ್ಲಿ, ಮಕ್ಕಳ ಕಣ್ಣೆದುರಿಗೆ ನಡೆಯುವಂಥದು, ಓದಲು ಕಷ್ಟವಾಗುತ್ತದೆ. ಎಲುಬು ಯಾರದೆಂಬುದು ಮಾತ್ರ ಸಂಶಯಕ್ಕೆಡೆಯಿಲ್ಲದಂತೆ ತಿಳಿಯುತ್ತದೆ, ಮಾಟುಂಗಾದವರೂ ಧೈರ್ಯವಾಗಿ ಓದಬಹುದು. ಬೆಲೆ ಈಗ 599ಕ್ಕಿಂತ ಕಡಿಮೆ ಕಂಡರೆ, ಹಣ ಕೊಡುವ ಮೊದಲು 161ನೆಯ ಪುಟವನ್ನು ತೆರೆದು ನೋಡಿ.